ಕೆಳಗೇರಿಯ ನೋಡ್

ಕಂಪ್ಯೂಟರುಗಳ ಸರಪಳಿಗೆ ಬೆಸೆದುಕೊಳ್ಳದ ಕೇರಿಗೆ ನೀರು ಬಿಡುವ ಪದ್ಧತಿ ಇರಲಿಲ್ಲ. ಆ ಬೆಳಿಗ್ಗೆ ಊರಿನ ಓಣಿಗಳೆಲ್ಲ ಒಟ್ಟಾಗಿ ಕೆಳಗೇರಿಯ 'ನೋಡ್' ಅನ್ನು, ಅಂದರೆ ಆ ಸರಪಳಿಯಲ್ಲಿ ಕೇರಿಯ ಕೊಂಡಿಯಾಗಿದ್ದ ಕಂಪ್ಯೂಟರನ್ನು, ಕಳಚಿಬಿಟ್ಟಿದ್ದವು. ಅದನ್ನು ನೋಡಿಕೊಳ್ಳುವ ಹುಲಿಗೆಮ್ಮ ಕಪ್ಪು ಪರದೆಯ ಮುಂದೆ ಕುಳಿತು, ಒಂದೊಂದೇ ಓಣಿಯ ವಿಳಾಸ ಟೈಪಿಸಿ 'ಜೋಡಿಸು' ಎಂದು ಆಜ್ಞೆ ಕೊಟ್ಟಳು. ಪ್ರತಿ ಸಲವೂ ಒಂದೇ ಉತ್ತರ: 'ನಿರಾಕರಿಸಲಾಗಿದೆ.' ಇವಳ ಅಜ್ಜಿಯನ್ನು ಬಾವಿಕಟ್ಟೆಯಿಂದ ಅಟ್ಟಿದವರ ಮೊಮ್ಮಕ್ಕಳಿಗೆ ಈಗ ಕೋಲೂ ಬೇಕಿರಲಿಲ್ಲ, ಒಂದು ಸಾಲಿನ ಸೆಟ್ಟಿಂಗ್ ಸಾಕಾಗಿತ್ತು.

ಹೊರಗೆ ಖಾಲಿ ಕೊಡಗಳ ಸಾಲು ಬೆಳೆಯುತ್ತಿತ್ತು. ಅತ್ತೆ ದ್ಯಾಮವ್ವ ಒಳಗೆ ಇಣುಕಿದಳು.

"ಎಷ್ಟಂತ ಅವರ ಬಾಗಿಲಾ ಬಡೀತೀಯವ್ವಾ? ನಮ್ಮ ಬಾಗಿಲರೆ ತೆರದೈತೇನು?"

"ಇಲ್ಲತ್ತಿ, ನಾನೇ ಮುಚ್ಚೇನಿ. ಬರೇ ಬೈಗುಳಾ ಕಳಸ್ತಿದ್ರು."

"ಬೈಯೋರು ಬೈಲಿ ಬಿಡು. ಜಗತ್ತಿನ್ಯಾಗ ಅವರೊಬ್ಬರೇ ಅದಾರೇನು?"

ಹುಲಿಗೆಮ್ಮ ಸೆಟ್ಟಿಂಗ್ ಕಡತ ತೆರೆದು, 'ಹೊರಗಿನ ಕರೆ: ಬೇಡ' ಎಂದಿದ್ದುದನ್ನು 'ಬೇಕು' ಎಂದು ತಿದ್ದಿ, ನೋಡನ್ನು ಮತ್ತೆ ಚಾಲೂ ಮಾಡಿದಳು. ಮೊದಲು ಬಂದದ್ದು ಬೈಗುಳವೇ. ದ್ಯಾಮವ್ವ ಬಿದ್ದು ಬಿದ್ದು ನಕ್ಕಳು. ಅದರ ಬೆನ್ನಿಗೇ ಕಡಲ ದಂಡೆಯ ಮೀನುಗಾರರ ಕೇರಿ ಬಂದು ಕೈ ಜೋಡಿಸಿತು. ಆಮೇಲೆ ಗಣಿ ಕಾರ್ಮಿಕರ ಶೆಡ್ಡುಗಳು, ಎಲ್ಲಿಯದೋ ನೇಕಾರರ ಓಣಿ. ಇವರೆಲ್ಲ ಎಷ್ಟೋ ದಿನಗಳಿಂದ ಮುಚ್ಚಿದ ಈ ಕದವನ್ನು ತಟ್ಟುತ್ತಲೇ ಇದ್ದವರು.

ಅವರ ಮೂಲಕ ಕೆಳಗೇರಿ ಮತ್ತೆ ಸರಪಳಿಗೆ ಬೆಸೆದುಕೊಂಡಿತು. ನಲ್ಲಿ ಕೆಮ್ಮಿ ನೀರು ಸುರಿಯಿತು. ಹೆಂಗಸರು ಕೇಕೆ ಹಾಕಿದರು. ಹುಲಿಗೆಮ್ಮನ ಕಣ್ಣು ಮಂಜಾಯಿತು. ಮುಖವನ್ನೇ ಕಾಣದ ಆ ಜನಕ್ಕೆ ಋಣಿ ಎನ್ನೋಣವೆಂದರೆ ಆ ಪರದೆಗೆ ಅಂಥ ಆಜ್ಞೆಯೇ ತಿಳಿಯದು. ಆಕೆ ಕೈ ಜೋಡಿಸಿದವರ ಒಂದೊಂದೇ ವಿಳಾಸದ ಮುಂದೆ 'ಎಂದಿಗೂ ನಿರಾಕರಿಸಬೇಡ' ಎಂದು ಬರೆದು ಉಳಿಸಿದಳು.