ಮಾವ ಕಟ್ಟಿದ ಮೂಲೆ

ನವೆಂಬರ್ ಹನ್ನೊಂದು, ಸಂಜೆ ನಾಲ್ಕೂ ಹತ್ತು. ಸೀಲಿಂಗ್ ಅಂಚಿನ ಪಿಒಪಿ ಪಟ್ಟಿಗಳು ಎರಡನೇ ಸಲವೂ ಮೂಲೆಯಲ್ಲಿ ಕೂಡಲಿಲ್ಲ; ನಡುವೆ ಪೆನ್ಸಿಲ್ ತೂರುವಷ್ಟು ಸಂದು. ಇನ್ನು ಉಳಿದದ್ದು ಒಂದೇ ಪಟ್ಟಿ. ಆ ವಿನ್ಯಾಸದ್ದು ಅಂಗಡಿಯಲ್ಲೂ ಮುಗಿದಿತ್ತು. ಅಳಿಯ ಏಣಿಯಿಂದಿಳಿದು ಸೋತ ತೋಳುಗಳನ್ನು ಇಳಿಬಿಟ್ಟ.

ಈ ಗೋಡೆಗಳನ್ನು ತಾವೇ ಕಟ್ಟಿದ್ದ ಮಾವ ಎದುರಿಗೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರ ಮುಂದೆ ಮೂಲೆಗೆ ಕೋನಮಾಪಕ ಹಿಡಿಯಲು ಅವನಿಗೆ ಮುಜುಗರ. ಹಾಗಾಗಿ ಮೂಲೆ ತೊಂಬತ್ತು ಡಿಗ್ರಿಯೆಂದೇ ಹಿಡಿದು, ಎರಡೂ ಸಲ ಪಟ್ಟಿಗಳ ತುದಿಯನ್ನು ಅದರರ್ಧ, ನಲವತ್ತೈದಕ್ಕೇ ಕೊಯ್ದಿದ್ದ.

"ಗರಗಸ ಮೊಂಡಾಗಿದೆ ಅನ್ಸುತ್ತೆ, ಮಾವ."

"ಹೆಣ್ಣು ಕೊಟ್ಟಿದ್ದು ನಾನು ಅಳಿಯಂದ್ರೇ, ಗೋಡೆಯಲ್ಲ. ಅದಕ್ಯಾಕೆ ಮರ್ಯಾದೆ? ಕೊಡಿ ಆ ಮಾಪಕ."

ಮೊಣಕಾಲು ಹಿಡಿದುಕೊಂಡೇ ಅವರು ಏಣಿ ಹತ್ತಿದರು. ಮಾಪಕವನ್ನು ಮೂಲೆಗೆ ಒತ್ತಿ ಬಹಳ ಹೊತ್ತು ನೋಡಿದರು.

"ಬರ್ಕೊಳ್ಳಿ," ಎಂದರು. "ತೊಂಬತ್ತಮೂರು ಡಿಗ್ರಿ."