ಕಪ್ಪು ಮರಳಿನ ಕ್ಯೂಬು

“ಫ್ಯಾಕ್ಟ್ರಿ ಕಸ ಬೆರ್ಸಿ ಅಂಗನವಾಡಿಗೆ ತಾರ್ಸಿ ಆಕ್ತೀರಾ? ಮಕ್ಳು ಮಲ್ಗೋ ಜಾಗ ಸಾ ಇದು,” ಎಂದು ದೇವನೂರಿನ ಅಂಗನವಾಡಿ ಟೀಚರ್ ಇಂದ್ರಾಣಿ ಎಂಜಿನಿಯರನ್ನು ತಡೆದಳು.

ಅವರು ಎರಡು ಕಾಂಕ್ರೀಟ್ ಕ್ಯೂಬುಗಳನ್ನೂ ಒಂದು ಸುತ್ತಿಗೆಯನ್ನೂ ಮುಂದಿಟ್ಟರು. “ಸಿಮೆಂಟು ಎರಡಕ್ಕೂ ಒಂದೇ ಅಳತೆ. ಇದರಲ್ಲಿ ಎರಕದ ಕಾರ್ಖಾನೆಯವರು ಬಿಸಾಡಿದ ಕಪ್ಪು ಮರಳು, ಅದರಲ್ಲಿ ಮೇಸ್ತ್ರಿ ಸಿದ್ದರಾಜು ತರಿಸಿದ ಹೊಳೆ ಮರಳು. ನೀವೇ ಹೊಡೆದು ನೋಡಿ.”

ಇಂದ್ರಾಣಿ ಕಪ್ಪು ಕ್ಯೂಬಿಗೆ ಸಿಟ್ಟಿನಿಂದಲೇ ಮೂರು ಏಟು ಹಾಕಿದಳು. ಬರೀ ಗೀರು ಬಿತ್ತು. ಇನ್ನೊಂದು ಮೊದಲ ಏಟಿಗೇ ಉದುರಿ, ಮರಳಿಗೆ ಬೆರೆತಿದ್ದ ಮಣ್ಣು ಕಂಡಿತು.

“ಓದ್ ವರ್ಸ ಇಸ್ಕೂಲು ಕಟ್ಟಿದ್ದೂ ನಿಮ್ ಈ ಮರಳಲ್ಲೇ ಅಲ್ವಾ ಮೇಸ್ತ್ರಿ?”

ಅಲ್ಲೇ ನಿಂತಿದ್ದ ಸಿದ್ದರಾಜು ಮೆಲ್ಲನೆ ಬೈಕಿನತ್ತ ಸರಿದ. ಪಕ್ಕದ ಶಾಲೆಯಲ್ಲಿ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಇಂದ್ರಾಣಿ ಸುತ್ತಿಗೆ ಎಸೆದು ಅತ್ತ ಓಡಿದಳು.

“ಮೇಷ್ಟ್ರೇ, ಮಕ್ಳನ್ನೆಲ್ಲ ಈಚೆಗೆ ಕಳ್ಸಿ!”