ಹೊಸ ಸೈನ್ಯದ ಕಾಗದ

“ಏನಂತ ಬರೀತೀಯ, ಎಕಾರ್ಟ್?” ಸೂಪ್ ಬಡಿಸುತ್ತಾ ಗಿಸೇಲಾ ಗಂಡನನ್ನು ಕೇಳಿದಳು. ಯುದ್ಧ ಮುಗಿದು ಹನ್ನೊಂದು ವರ್ಷದ ಮೇಲೆ ಜರ್ಮನಿಯ ಹೊಸ ಸೈನ್ಯ ಹಳೆಯ ಟ್ಯಾಂಕ್ ಅಧಿಕಾರಿಗಳನ್ನು ಮತ್ತೆ ಕರೆಯುತ್ತಿತ್ತು. ಎಕಾರ್ಟ್‌ಗೂ ಬಂದಿದ್ದ ಆ ಕರೆಯ ಕಾಗದ ಮೂರು ದಿನದಿಂದ ಮೇಜಿನ ಮೇಲೇ ಇತ್ತು.

“ಬರಲ್ಲ ಅಂತ. ಬೀಗ ಮಾರೋನಿಗೆ ಟ್ಯಾಂಕ್ ಯಾಕೆ? ಈ ಹೊಟ್ಟೆ ಹೊತ್ಕೊಂಡು ಒಳಗೆ ಇಳಿದ್ರೆ ಟ್ಯಾಂಕಿನ ಬಾಯಲ್ಲೇ ಸಿಕ್ಕಿಹಾಕ್ಕೋತೀನಿ.”

ಅವಳು ನಕ್ಕಳು. ಆದರೂ ಅವನ ಕೈಯನ್ನೇ ನೋಡುತ್ತಿದ್ದಳು. ಟ್ಯಾಂಕಿನೊಳಗೆ ಗಂಟಲಿಗೆ ಕಟ್ಟಿದ ಮೈಕನ್ನು ಎರಡು ಬೆರಳಿಂದ ಒತ್ತಿ ಆಜ್ಞೆ ಕೊಟ್ಟವನು, ಮನೆಗೆ ಬಂದ ಮೇಲೂ ಗಂಟಲು ಒತ್ತಿಕೊಂಡೇ ಮಾತನಾಡುತ್ತಿದ್ದ. ಆ ಅಭ್ಯಾಸ ಬಿಡಿಸಲು ಅವಳಿಗೆ ಆರು ವರ್ಷ ಹಿಡಿದಿತ್ತು.

“ಹೈಕೆ, ಬಾರೇ, ಸೂಪ್ ಆರ್ತಿದೆ,” ಎಂದು ಅವನು ಮಗಳನ್ನು ಕೂಗಿದ. ಕೂಗುವ ಮುನ್ನ ಎರಡು ಬೆರಳು ತಾವಾಗಿಯೇ ಗಂಟಲಿಗೆ ಹೋದವು.

ಗಿಸೇಲಾ ಸೌಟನ್ನು ಮೆಲ್ಲಗೆ ಕೆಳಗಿಟ್ಟಳು.

“ಯಾವತ್ತು ಹೊರಡಬೇಕು?” ಎಂದು ಕೇಳಿದಳು.